ನಾಣ್ಯ ಕೆಳಗಿಡಿ

ಪ್ರಥಮ ಚಿಕಿತ್ಸೆಯ ಹಸಿರು ಪೆಟ್ಟಿಗೆಯಲ್ಲಿ ಕತ್ತರಿ ಇರಲಿಲ್ಲ. ಇರುವುದಿಲ್ಲವೆಂದು ರತ್ಮಿನಿಗೆ ಗೊತ್ತೇ ಇತ್ತು. ಆದರೂ ಮುಚ್ಚಳ ತೆಗೆದು ನೋಡಿದಳು, ನೋಡಿ ಹೊಟ್ಟೆ ಉರಿಸಿಕೊಂಡಳು. ಹೋದ ತಿಂಗಳಷ್ಟೇ ತಾನೇ ಪೇಟೆಗೆ ಹೋಗಿ ತಂದು, ಹಿಡಿಗೆ ಕೆಂಪು ದಾರ ಸುತ್ತಿ, ‘ಮುಟ್ಟಬೇಡಿ’ ಎಂದು ಚೀಟಿ ಬರೆದು ಕಟ್ಟಿದ್ದ ಕತ್ತರಿ ಅದು. ಈಗ ಕತ್ತರಿಯ ಜಾಗದಲ್ಲಿ ಚೀಟಿ ಮಾತ್ರ ಉಳಿದಿತ್ತು.

ಕತ್ತರಿಯೊಂದೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಗಾಯಕ್ಕೆ ಸುತ್ತುವ ಜಾಳು ಬಟ್ಟೆಯಲ್ಲಿ ಮೂಲೆಮನೆಯಾಕೆ ಸೋಯಾ ಹಾಲು ಸೋಸುತ್ತಿದ್ದಳು. ಮುರಿದ ಕೈಗೆ ಜೋಲಿ ಹಾಕುವ ಮುಕ್ಕೋನ ಬಟ್ಟೆ ಯಾರದೋ ತಲೆಗೆ ಏರಿತ್ತು. ರಬ್ಬರ್ ಕೈಗವಸು ಹಾಕಿಕೊಂಡು ಮಾಕ್ ಕಸ್ಮಿ ಮೆಣಸಿನಕಾಯಿ ಅರೆಯುತ್ತಿದ್ದುದನ್ನು ರತ್ಮಿನಿ ಕಣ್ಣಾರೆ ಕಂಡಿದ್ದಳು. ಕೇಳಿದರೆ ಆ ಮುದುಕಿ, “ಕೈ ಉರಿಯುತ್ತೆ ಕಣಮ್ಮ, ಅದೂ ಒಂದು ಚಿಕಿತ್ಸೆ ಅಲ್ವಾ?” ಎಂದು ಬೊಚ್ಚು ಬಾಯಲ್ಲಿ ನಕ್ಕಿದ್ದಳು.

ಸುರಬಾಯಾ ನಗರದ ಆ ಓಣಿಯಲ್ಲಿ ಎಪ್ಪತ್ತು ಮನೆ. ಎದುರುಬದುರು ಬಾಗಿಲಲ್ಲಿ ನಿಂತವರು ಕೈ ಚಾಚಿದರೆ ಬೆರಳು ತಾಗಬೇಕು, ಅಷ್ಟು ಇಕ್ಕಟ್ಟು. ಆ ಎಪ್ಪತ್ತು ಮನೆಯ ಜೀವಗಳನ್ನು ಕಾಯುವ ಗುತ್ತಿಗೆ ತನ್ನದೇ ಎಂಬಂತೆ ರತ್ಮಿನಿ ಮೂರು ವರ್ಷದಿಂದ ಒದ್ದಾಡುತ್ತಿದ್ದಳು. ಚಪ್ಪಲಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದವಳು, ಅದರಲ್ಲಿ ಹನ್ನೆರಡು ವರ್ಷ ಅಲ್ಲಿನ ಪ್ರಥಮ ಚಿಕಿತ್ಸೆಯ ಹೊಣೆ ಹೊತ್ತವಳು. ಸೂಜಿ ನೆಟ್ಟ ಬೆರಳು, ಅಂಟಿನ ವಾಸನೆಗೆ ತಲೆ ತಿರುಗಿ ಬಿದ್ದ ಹುಡುಗಿಯರು, ಎಲ್ಲವನ್ನೂ ನೋಡಿದ್ದಳು. ನಿವೃತ್ತಿಯಾಗಿ ಮನೆಗೆ ಬಂದ ತಿಂಗಳಲ್ಲೇ ಪಕ್ಕದ ಮನೆಯ ಪಾಕ್ ಸಬಾರ್ ತೀರಿಕೊಂಡರು. ಬೆಳಗ್ಗೆ ಎದೆ ಹಿಡಿದುಕೊಂಡಿದೆ ಎಂದಾಗ ಮನೆಯವರು ಮೈಗೆ ಗಾಳಿ ಹೊಕ್ಕಿದೆ ಎಂದರು. ಬೆನ್ನಿಗೆ ಮುಲಾಮು ಹಚ್ಚಿ, ಕೆಂಪು ಗೆರೆ ಏಳುವ ತನಕ ನಾಣ್ಯದಿಂದ ಕೆರೆದರು. ಗೆರೆ ಎದ್ದವು, ಪಾಕ್ ಸಬಾರ್ ಏಳಲಿಲ್ಲ. ಶವಕ್ಕೆ ಸ್ನಾನ ಮಾಡಿಸಿ ಹೊರಬಂದ ಗಂಡಸರು, ಬೆನ್ನೆಲ್ಲ ಬರೆ ಎಳೆದ ಹಾಗಿತ್ತು ಎಂದು ಪಿಸುಗುಟ್ಟಿದ್ದು ರತ್ಮಿನಿಯ ಕಿವಿಗೆ ಬಿದ್ದಿತ್ತು.

ಅಂದಿನಿಂದ ತಿಂಗಳ ಮೂರನೆಯ ಭಾನುವಾರ ಓಣಿಯ ಸಭಾಮನೆಯಲ್ಲಿ ಅವಳ ಪಾಠ. ಅಕ್ಕಿಯ ಚೀಲಕ್ಕೆ ಹಳೆಯ ಬಟ್ಟೆ ತುಂಬಿ ಮಾಡಿದ ಬೊಂಬೆಯೊಂದನ್ನು ಮಲಗಿಸಿ, ಎದೆ ಒತ್ತುವುದು ಹೇಗೆಂದು ತೋರಿಸುತ್ತಿದ್ದಳು. ಕರಿದ ಬಾಳೆಹಣ್ಣು ಇದೆಯೆಂದರೆ ಇಪ್ಪತ್ತು ಜನ, ಇಲ್ಲವೆಂದರೆ ನಾಲ್ಕು ಜನ. ಮಾಂಸದುಂಡೆಯ ಸಾರು ಬಾಕ್ಸೊ ಮಾರುವ ಚಾಕ್ ತೋಹಿರ್ ಮಾತ್ರ ತಪ್ಪದೆ ಬರುತ್ತಿದ್ದ. ಬಂದವನೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಎಚ್ಚರವಾದಾಗ ಅವಳನ್ನು ಅಮ್ಮನೆಂಬಂತೆ ಕರೆದು, “ಬು, ಬೊಂಬೆ ಈ ಸಲವೂ ಸತ್ತೋಯ್ತಾ? ಪಾಪ, ಎಷ್ಟು ಸಲ ಅಂತ ಸಾಯುತ್ತೆ ಅದು!” ಎನ್ನುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರತ್ಮಿನಿಗೆ ಬೊಂಬೆಯನ್ನು ಬಿಟ್ಟು ಅವನ ಎದೆಯನ್ನೇ ಒತ್ತಿಬಿಡೋಣ ಎನಿಸುತ್ತಿತ್ತು.

ಪ್ರತಿ ಪಾಠದ ಕೊನೆಗೆ ಅವಳು ಒಂದೇ ಮಾತು ಹೇಳುತ್ತಿದ್ದಳು. “ಎದೆ ಬಿಗಿತ, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಿಯೋ ನೋವು. ಇದರಲ್ಲಿ ಒಂದಿದ್ರೂ ಗಾಳಿ ಅಲ್ಲ. ನಾಣ್ಯ ಕೆಳಗಿಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿ.”

ಆ ಮಾತನ್ನು ಓಣಿಯವರು ಏನು ಮಾಡಿದರೆಂದರೆ, ನಗೆಯ ಸರಕು ಮಾಡಿಕೊಂಡರು. ಮಗು ಅಂಗಡಿಗೆ ಹೋಗುತ್ತೇನೆಂದು ಕಾಸು ಹಿಡಿದರೆ “ನಾಣ್ಯ ಕೆಳಗಿಡಿ!” ಇಸ್ಪೀಟಿನಲ್ಲಿ ಯಾರಾದರೂ ಸೋತರೆ “ನಾಣ್ಯ ಕೆಳಗಿಡಿ!” ತೋಹಿರ್ ಅಂತೂ ಬಾಕ್ಸೊ ಸೌಟನ್ನು ಎತ್ತಿ, ಕತ್ತು ಕೊಂಕಿಸಿ, ರತ್ಮಿನಿಯ ಗಂಟಲಿನಲ್ಲೇ ಇಡೀ ಸಾಲು ಒಪ್ಪಿಸಿ ಗಿರಾಕಿಗಳನ್ನು ನಗಿಸುತ್ತಿದ್ದ. ಎದೆ ಬಿಗಿತದಿಂದ ಹಿಡಿದು ಫೋನಿನ ತನಕ, ಒಂದಕ್ಷರ ಬಿಡುತ್ತಿರಲಿಲ್ಲ.

“ಇವರಿಗೆ ಹೇಳೋದೂ ಒಂದೇ, ಈ ಚೀಲಕ್ಕೆ ಹೇಳೋದೂ ಒಂದೇ” ಎಂದು ರತ್ಮಿನಿ ಗಂಡನೆದುರು ತಲೆ ಚಚ್ಚಿಕೊಳ್ಳುತ್ತಿದ್ದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಪಾಕ್ ದರ್ಮಾಜಿ ಮಾತಿಗಿಂತ ಸ್ಕ್ರೂಗಳನ್ನು ಹೆಚ್ಚು ನಂಬಿದ ಮನುಷ್ಯ. ಹ್ಞೂಂ ಎಂದು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಹೆಂಡತಿಯ ಸಿಟ್ಟು ಏರುವುದೂ ಇಳಿಯುವುದೂ ಅವರಿಗೆ ನಲ್ಲಿಯ ನೀರು ಬಂದು ಹೋದಷ್ಟು ಮಾಮೂಲಾಗಿತ್ತು.

ಮಳೆ ಹಿಡಿಯುವ ಮುಂಚಿನ ಆ ಭಾನುವಾರ ಓಣಿಯ ಗಂಡಸರೆಲ್ಲ ಸೇರಿ ಚರಂಡಿ ಬಳಿಯುತ್ತಿದ್ದರು. ಮುಚ್ಚಿದ್ದ ಕಲ್ಲು ಚಪ್ಪಡಿಗಳನ್ನು ಎತ್ತಿ ಗೋಡೆಗೆ ಒರಗಿಸಿ, ಕಪ್ಪು ಕೆಸರನ್ನು ಬಾಚಿ ಚೀಲಕ್ಕೆ ತುಂಬುವ ಕೆಲಸ. ಯಾರಿಗಾದರೂ ಗಾಯವಾದೀತೆಂದು ರತ್ಮಿನಿ ಸಭಾಮನೆಯ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಪೆಟ್ಟಿಗೆಯಲ್ಲಿ ಮುಲಾಮಿನ ಒಂದು ಬಾಟಲಿ, ಖಾಲಿ ಡಬ್ಬಿಗಳು ಮತ್ತು ಆ ಚೀಟಿ. ತೋಹಿರ್ ಒಂದು ಚಪ್ಪಡಿಗೂ ಕೈ ಹಚ್ಚದೆ, ದುಡಿದವರಿಗೆ ಹಸಿವಾಗುತ್ತದೆಂದು ಗಾಡಿ ತಂದು ಓಣಿಯ ಬಾಯಲ್ಲಿ ನಿಲ್ಲಿಸಿ, ತಾನು ಬಂದು ಜಗಲಿಯ ನೆರಳಲ್ಲಿ ಕುಳಿತಿದ್ದ.

ಅಷ್ಟರಲ್ಲಿ ದರ್ಮಾಜಿ ಸನಿಕೆ ಬಿಟ್ಟು, ಗೋಡೆ ಹಿಡಿದುಕೊಂಡು ಬಂದು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದರು.

“ಯಾಕೋ ಸರಿ ಇಲ್ಲ ಕಣೆ ಮಿನಿ. ಗಾಳಿ ಹೊಕ್ಕಿದೆ ಅನ್ಸುತ್ತೆ.”

“ಹೊಕ್ಕದೆ ಇನ್ನೇನು?” ರತ್ಮಿನಿ ಕಾದೇ ಇದ್ದಳು. “ಬೆಳಗ್ಗೆ ಒಂದು ತುತ್ತು ತಿಂದ್ರಾ? ಗಂಜಿ ಬಡಿಸಿ ಕರೆದ್ರೆ ಕಳ್ಳನ ಹಾಗೆ ಹಿತ್ತಿಲ ಬಾಗಿಲಿಂದ ಜಾರ್ಕೊಂಡ್ರಿ. ಅರವತ್ತೊಂದು ವರ್ಷ ಆಯ್ತು, ಹುಡುಗರ ಜೊತೆ ಚಪ್ಪಡಿ ಎತ್ತೋ ಶೋಕಿ ಬೇರೆ. ತಿರುಗಿ ಕೂತ್ಕೊಳ್ಳಿ!”

ಅವರು ತಿರುಗಿ ಕೂತು ಕುರ್ಚಿಯ ಬೆನ್ನನ್ನು ಅಪ್ಪಿಕೊಂಡರು. ಅಂಗಿ ಮೇಲೆತ್ತಿದ ರತ್ಮಿನಿಯ ಕೈ ಅಲ್ಲೇ ನಿಂತಿತು. ಬೆನ್ನಿನ ಮೇಲೆ ಆಗಲೇ ಗೆರೆಗಳಿದ್ದವು. ಕೆಲವು ಮಾಸಿ ಹಳದಿಯಾಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು.

“ಇದು ಯಾರ ಕೈಗುಣ?”

ಪಕ್ಕದಲ್ಲಿ ನಿಂತಿದ್ದ ಮಾಕ್ ಕಸ್ಮಿ ಮುಖ ತಿರುಗಿಸಿ ಆಕಾಶ ನೋಡಿದಳು.

ರತ್ಮಿನಿಯ ಮೈಯೆಲ್ಲ ಉರಿದುಹೋಯಿತು. ಮೂವತ್ತೈದು ವರ್ಷದಿಂದ ಈ ಬೆನ್ನನ್ನು ಕೆರೆದವಳು ಅವಳು. ಮದುವೆಯಾದ ಮೊದಲ ಮಳೆಗಾಲದಲ್ಲಿ, ಅವ್ವನಿಂದ ಕಲಿತ ಹಾಗೆ, ಬೆನ್ನುಹುರಿಯ ಎರಡೂ ಕಡೆ ಓರೆಯಾಗಿ ಗೆರೆ ಎಳೆದು ಈ ಗಂಡನನ್ನು ಮಲಗಿಸಿದ್ದಳು. ಪಾಠ, ಬೊಂಬೆ, ಪಾಕ್ ಸಬಾರ್ ಎಲ್ಲ ಒಂದು ಕಡೆ. ಎದೆನೋವೆಂಬುದು ಬೇರೆಯವರ ಗಂಡಂದಿರಿಗೆ ಬರುವಂಥದ್ದು. ತನ್ನ ಗಂಡನಿಗೆ ಬರುವುದು ಗಾಳಿ, ಅದನ್ನು ತೆಗೆಯುವವಳು ತಾನು, ಬೇರೆ ಯಾವಳೂ ಅಲ್ಲ.

“ನಾನೇನು ಸತ್ತು ಹೋಗಿದ್ನಾ?” ಎನ್ನುತ್ತ ಸೊಂಟದ ಚೀಲದಿಂದ ನಾಣ್ಯ ತೆಗೆದಳು. ಪೆಟ್ಟಿಗೆಯ ಮುಲಾಮು ಅಂಗೈಗೆ ಸುರಿದು ಬೆನ್ನಿಗೆ ಸವರಿದಳು. “ಕದ್ದು ಹೋಗಿ ಕೆರೆಸ್ಕೊಂಡು ಬಂದಿದ್ದೀರಲ್ಲ, ಅದನ್ನಾದ್ರೂ ನೆಟ್ಟಗೆ ಮಾಡಿದ್ದಾಳಾ? ನೋಡಿ, ಸೊಟ್ಟ ಗೆರೆ!” ಒಂದು ಗೆರೆ ಎಳೆದಳು. ಎರಡು. ಸಿಟ್ಟಿಗೆ ಕೈ ಬಿಗಿಯಾಗಿತ್ತು. ಬೆನ್ನು ಒದ್ದೆಯಾಗಿ ನಾಣ್ಯ ಜಾರುತ್ತಿತ್ತು. ಮುಲಾಮು ಜಾಸ್ತಿಯಾಯಿತೆಂದುಕೊಂಡಳು.

ಕೆಲಸ ಬಿಟ್ಟು ಗಂಡಸರು ಸುತ್ತ ನಿಂತರು. ಪಾಠ ಹೇಳುವವಳೇ ಕೆರೆಯುತ್ತಿದ್ದಾಳೆಂದ ಮೇಲೆ ಅದು ಗಾಳಿಯೇ ಇರಬೇಕಲ್ಲ. ಮೂರನೆಯ ಗೆರೆಯಾಯಿತು, ನಾಲ್ಕನೆಯದು ಅರ್ಧಕ್ಕೆ ಬಂದಿತ್ತು.

“ಬು. ನಾಣ್ಯ ಕೆಳಗಿಡಿ.”

ತೋಹಿರ್! ಇಂಥ ಹೊತ್ತಿನಲ್ಲೂ ಇವನ ಕೋಡಂಗಿತನ! ರತ್ಮಿನಿ ಕಣ್ಣು ಕೆಂಪಗೆ ಮಾಡಿಕೊಂಡು ತಿರುಗಿದಳು. “ನಾಚಿಕೆ ಆಗಲ್ವೇನೋ ನಿಂಗೆ? ಮನುಷ್ಯ ಹೀಗೆ ಕೂತಿದ್ದಾರೆ, ನಿಂಗೆ ತಮಾಷೇನಾ? ಹೋಗಿ ಸೌಟು ಆಡಿಸು ಹೋಗು!”

ತೋಹಿರ್ ನಗಲಿಲ್ಲ. ಮುಂದೆ ಬಂದು ದರ್ಮಾಜಿಯ ಹಣೆ ಮುಟ್ಟಿದ. “ತಣ್ಣಗಿದೆ. ಇದು ಮುಲಾಮಲ್ಲ ಬು, ಬೆವರು. ಎಡಗೈ ನೋಡಿ, ಆಗಿಂದ ಹಿಡ್ಕೊಂಡೇ ಇದ್ದಾರೆ.” ನಂತರ ಬಗ್ಗಿ, “ಪಾಕ್, ಎದೆ ಹಿಡ್ಕೊಂಡಿದೆಯಾ?” ಎಂದು ಕೇಳಿದ.

ದರ್ಮಾಜಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. “ದವಡೆ ತನಕ,” ಎಂದರು.

“ನೀವೇ ಹೇಳಿದ್ದು,” ಎಂದ ತೋಹಿರ್. “ಒಂದಿದ್ರೂ ಗಾಳಿ ಅಲ್ಲ ಅಂತ. ಮೂರೂ ಇದೆಯಲ್ಲ ಬು.”

ರತ್ಮಿನಿ ಗಂಡನ ಬೆನ್ನನ್ನು ನೋಡಿದಳು. ಮೂರೂವರೆ ಗೆರೆ, ಅದರ ಕೆಳಗೆ ಹಳೆಯ ಗೆರೆಗಳು. ಪಾಕ್ ಸಬಾರ್ ಅವರ ಬೆನ್ನು ಹೇಗಿತ್ತೆಂದು ಅವಳು ಕಂಡಿರಲಿಲ್ಲ, ಈಗ ಕಂಡಳು. ನಾಣ್ಯವನ್ನು ಜಗಲಿಯ ಮೇಲೆ ಇಟ್ಟಳು.

ಆಮೇಲೆ ಅವಳ ಗಂಟಲು ಏರಿತು. “ಆಂಬುಲೆನ್ಸ್‌ಗೆ ಫೋನ್ ಮಾಡಿ! ಎದೆನೋವು ಅನ್ನಿ, ವಯಸ್ಸು ಅರವತ್ತೊಂದು ಅನ್ನಿ. ಈ ಓಣಿಗೆ ಗಾಡಿ ಬರಲ್ಲ, ದೊಡ್ಡ ರಸ್ತೆಗೆ ಬರೋಕೆ ಹೇಳಿ. ಇವರನ್ನ ನಡೆಸಬೇಡಿ, ಒಂದು ಹೆಜ್ಜೆನೂ ನಡೆಸಬೇಡಿ!” ಗಂಡನನ್ನು ನೆಟ್ಟಗೆ ತಿರುಗಿಸಿ ಒರಗಿಸಿ, ಸೊಂಟದ ಬೆಲ್ಟು ಸಡಿಲಿಸಿದಳು.

ಇನ್ನು ಉಳಿದದ್ದನ್ನು ಅವಳು ಹೇಳಬೇಕಾಗಲೇ ಇಲ್ಲ. ನಾಲ್ವರು ಗಂಡಸರು ಕುರ್ಚಿಯ ನಾಲ್ಕು ಕಾಲಿಗೆ ಕೈ ಹಾಕಿದರು. ಇಬ್ಬರು ಮುಂದೆ, ಇಬ್ಬರು ಹಿಂದೆ, ಒಂದು, ಎರಡು, ಮೂರಕ್ಕೆ ಎತ್ತು. ಹೋದ ತಿಂಗಳು ಇದೇ ನಾಲ್ವರು ಇದೇ ಕುರ್ಚಿಯಲ್ಲಿ ತೋಹಿರ್‌ನನ್ನು ಮದುಮಗನ ಹಾಗೆ ಹೊತ್ತು, ಹಾಡಿ ಕುಣಿದು, ರೋಗಿಯನ್ನು ಹೊರುವ ಅವಳ ಪಾಠವನ್ನೆಲ್ಲ ಹಾಳು ಮಾಡಿದ್ದರು. ಅವತ್ತು ಪೆಟ್ಟಿಗೆ ಎತ್ತಿಕೊಂಡು ಅವಳು ಅರ್ಧಕ್ಕೇ ಎದ್ದು ಹೋಗಿದ್ದಳು. ಈಗ ಯಾರೂ ಹಾಡಲಿಲ್ಲ. ಮಿಕ್ಕವರು ಮುಂದೆ ಮುಂದೆ ಓಡಿ, ಬೆಳಗಿನಿಂದ ಎತ್ತಿದ್ದ ಚಪ್ಪಡಿಗಳನ್ನು ಕಾಲಿಡಲು ಜಾಗವಾಗುವಂತೆ ಮತ್ತೆ ಚರಂಡಿಯ ಮೇಲೆ ಎಳೆದು ಹಾಕಿದರು. ಓಣಿಯ ಬಾಯಿಗೆ ಅಡ್ಡವಾಗಿ ತೋಹಿರ್‌ನ ಗಾಡಿ ನಿಂತಿತ್ತು. ಅವನು ಅತ್ತಿತ್ತ ನೋಡಲಿಲ್ಲ, ಹೆಗಲು ಕೊಟ್ಟು ಅದನ್ನು ಬದಿಗೆ ಉರುಳಿಸಿಬಿಟ್ಟ. ಕುದಿಯುವ ಸಾರು, ಮಾಂಸದ ಉಂಡೆ, ಶಾವಿಗೆ, ಎಲ್ಲ ಆಗ ತಾನೇ ಬಳಿದ ಚರಂಡಿಗೆ ಹೋಯಿತು.

ಕುರ್ಚಿಯ ಪಕ್ಕದಲ್ಲಿ ಓಡುತ್ತಿದ್ದ ರತ್ಮಿನಿಯ ಕೈಯನ್ನು ದರ್ಮಾಜಿ ಹಿಡಿದುಕೊಂಡರು.

“ಎರಡು ವಾರದಿಂದ ಹೀಗಾಗ್ತಿತ್ತು,” ಎಂದರು ಏದುಸಿರಿನಲ್ಲಿ. “ಹೇಳಿದ್ರೆ ಬೈತೀಯಾ ಅಂತ...”

“ಮಾತಾಡಬೇಡಿ,” ಎಂದಳು ರತ್ಮಿನಿ. ಅಳು ಬಂದು ಕಣ್ಣು ಕಾಣಿಸುತ್ತಿರಲಿಲ್ಲ.

ಮಧ್ಯಾಹ್ನದ ನಮಾಜಿನ ಕರೆ ಕೇಳಿದ ಮೇಲೆ ಆಸ್ಪತ್ರೆಯ ಒಳಬಾಗಿಲು ತೆರೆಯಿತು. ನರ್ಸ್ ಚಿಕ್ಕ ವಯಸ್ಸಿನವಳು. ಬೆಳಗಿನಿಂದ ನಿಂತೇ ಇದ್ದ ಸುಸ್ತು ಮುಖದಲ್ಲಿ ಕಾಣುತ್ತಿತ್ತು. ರಕ್ತನಾಳ ಮುಚ್ಚಿಕೊಂಡಿತ್ತು, ತೆರೆದಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದಳು. ನರ್ಸ್ ಹೋಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬೆನ್ನಿನ ಮೇಲೆ ಕೆರೆದಿದ್ದು ಯಾರು?”

ಸಾರಿನ ಕಲೆಯ ಅಂಗಿಯಲ್ಲಿ ಪಕ್ಕದಲ್ಲಿದ್ದ ತೋಹಿರ್ ನೆಲ ನೋಡಿದ.

“ನಾನು,” ಎಂದಳು ರತ್ಮಿನಿ.

“ಎಷ್ಟು ಸಲ ಅಂತ ಹೇಳೋದು ನಿಮಗೆ?” ನರ್ಸಿನ ದನಿ ಏರಿತು. “ಎದೆನೋವು ಅಂದ್ರೆ ಗಾಳಿ, ಗಾಳಿ ಅಂದ್ರೆ ನಾಣ್ಯ! ಇನ್ನು ಅರ್ಧ ಗಂಟೆ ಕೆರೀತಾ ಕೂತಿದ್ದಿದ್ರೆ ಏನಾಗ್ತಿತ್ತು ಗೊತ್ತಾ? ಗೋಡೆಗೆ ಹೇಳಿದ್ರೂ ಕೇಳುತ್ತೆ, ನೀವು ಕೇಳಲ್ಲ. ಹೇಳಿ ಹೇಳಿ ನಮಗೆ ಸಾಕಾಗಿ ಹೋಗಿದೆ. ನಿಮ್ಮ ಓಣಿಯಲ್ಲಿ ಇದನ್ನೆಲ್ಲ ಹೇಳಿಕೊಡೋರು ಒಬ್ಬರೂ ಇಲ್ವಾ?”

ಆ ದನಿ ಯಾರದೆಂದು ರತ್ಮಿನಿಗೆ ಗುರುತು ಸಿಕ್ಕಿತು. ಆ ಸೊಂಟದ ಕೈಯೂ ತನ್ನದೇ, ಆ ಬೇಸತ್ತ ಮುಖವೂ ತನ್ನದೇ.

“ಇದ್ದಾರೆ ಸಿಸ್ಟರ್,” ಎಂದ ತೋಹಿರ್. “ತಿಂಗಳು ತಿಂಗಳು ಹೇಳ್ತಾರೆ. ತುಂಬ ಚೆನ್ನಾಗಿ ಹೇಳ್ತಾರೆ.”

“ಮತ್ತೆ ಈಯಮ್ಮ ಪಾಠಕ್ಕೆ ಹೋಗಲ್ವಾ?”

ತೋಹಿರ್ ಬಾಯಿ ಬಿಡುವ ಮೊದಲೇ ರತ್ಮಿನಿ ಅವನ ತೋಳು ಹಿಡಿದು ತಡೆದಳು.

“ಹೋಗ್ತೀನಿ ಕಣಮ್ಮ,” ಎಂದಳು. “ಹೋಗ್ತೀನಿ, ಆದರೆ ಕೇಳಿಸ್ಕೊಂಡವನು ಇವನು.”