ಕೋಟಿನೊಳಗಿನ ಅಂಗಿ

ಮಹಾಯುದ್ಧದ ಆ ವರ್ಷ ನ್ಯೂಯಾರ್ಕಿನ ಪಕ್ಕದ ಪಸೇಯಿಕ್ ಊರಿನ ಹುಡುಗಿಯರಿಗೆ ತಲೆ ನೆಟ್ಟಗಿರಲಿಲ್ಲ. ಕಣಕಾಲಿಗೆ ಮಡಿಚಿದ ಬಿಳಿ ಕಾಲುಚೀಲ, ಮೇಲಕ್ಕೆ ಸುತ್ತಿದ ಜೀನ್ಸ್, ಅದರ ಮೇಲೆ ಗಂಡಸಿನ ಬಿಳಿ ಅಂಗಿ, ಅದೂ ಜೋಲುಬಿಟ್ಟು. ಅಂಗಡಿಯ ಹೊಸ ಅಂಗಿಗೆ ಮರ್ಯಾದೆಯಿಲ್ಲ. ಅಪ್ಪನದೋ ಅಣ್ಣನದೋ ಆಗಬೇಕು. ಬೆನ್ನ ತುಂಬ ಗೆಳತಿಯರ ಸಹಿ, ಒಗೆದರೂ ಹೋಗದ ಗುರುತಿನ ಮಸಿಯಲ್ಲಿ. ಇಷ್ಟೆಲ್ಲ ವೇಷ ಡೆನ್ನಿ ವೇಲ್ ಎಂಬ ನರಪೇತಲ ಗಾಯಕನೊಬ್ಬನಿಗಾಗಿ. ಅವನು ಕಣ್ಣು ಮುಚ್ಚಿ ಒಂದು ಸ್ವರ ಎಳೆದರೆ ಸಾಕು, ಇವರು ಕೂತಲ್ಲೇ ಒರಗಿಬಿಡುತ್ತಿದ್ದರು.

ರೆಜಿನಾಳಿಗೆ ಅಪ್ಪ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಬಿಳಿ ಅಂಗಿ ಅಣ್ಣ ಕಾಜಿಕ್‌ನದು. ಅವನು ಯುದ್ಧಕ್ಕೆ ಹೊರಟ ದಿನವೇ ಅಮ್ಮ ಅದಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ನೀಲಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಿದ್ದಳು. "ಇದನ್ನ ಬಿಚ್ಚೋದು ಅವನೇ. ಅಲ್ಲೀತನಕ ಯಾರೂ ಮುಟ್ಟೋ ಹಾಗಿಲ್ಲ" ಎಂದಿದ್ದಳು. ಚರ್ಚಿನಲ್ಲಿ ಹಚ್ಚುವ ಮೇಣದ ಬತ್ತಿಗಿಂತ ಆ ಪೊಟ್ಟಣದ ಮೇಲೆಯೇ ಅವಳಿಗೆ ಒಂದು ಗುಲಗಂಜಿ ಹೆಚ್ಚು ನಂಬಿಕೆ.

ಅಕ್ಟೋಬರಿನಲ್ಲಿ ರೆಜಿನಾ ಅದನ್ನು ಬಿಚ್ಚಿದಳು. ಒಂದು ದಿನದ ಮಟ್ಟಿಗೆ ತಾನೇ ಎಂದುಕೊಂಡು, ಗೆಳತಿ ಲೊರೆಟ್ಟಾಳ ಜೊತೆ ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋದಳು. ಥಿಯೇಟರಿನ ಹಿಂಬಾಗಿಲಲ್ಲಿ ಡೆನ್ನಿಗಾಗಿ ಕಾದಿದ್ದ ಹುಡುಗಿಯರ ನೂಕುನುಗ್ಗಲು. ಕಾವಲುಗಾರ ಗದರಿದ.

"ಹಿಂದಕ್ಕೆ ಹೋಗ್ರಮ್ಮ, ಹಿಂದಕ್ಕೆ!"

"ನಮ್ಮಣ್ಣ ಯುದ್ಧದಲ್ಲಿ ಸತ್ತೋದ" ಎಂದಳು ರೆಜಿನಾ. "ಇದು ಅವನದೇ ಅಂಗಿ."

ಅಳುವೂ ಬಂತು, ಕರೆದ ಹಾಗೆ. ಗುಂಪು ಬಾಯಿ ಮುಚ್ಚಿ ದಾರಿ ಬಿಟ್ಟಿತು. ಡೆನ್ನಿ ವೇಲ್ ಹೊರಬಂದಾಗ ಅವನಿಗೂ ಯಾರೋ ಹೇಳಿದರು. ಅವನು ಕಣ್ಣೊರೆಸಿಕೊಂಡು, ಅಣ್ಣನ ಹೆಸರು ಕೇಳಿ, ಅವಳ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: "ಮಡಿದ ವೀರ ಕಾಜಿಕ್‌ನ ನೆನಪಿಗೆ, ಡೆನ್ನಿ ವೇಲ್." ಪಕ್ಕದಲ್ಲೊಂದು ಶಿಲುಬೆಯನ್ನೂ ಎಳೆದ.

ಬಸ್ಸಿನಲ್ಲಿ ಲೊರೆಟ್ಟಾ ಕೇಳಿದಳು, "ಯಾಕೇ ಹಂಗಂದೆ?"

"ಬಾಯಿಗೆ ಬಂತು, ಅಂದೆ. ನಿಂಗೆ ಹೊಟ್ಟೆಕಿಚ್ಚು."

ಮನೆಗೆ ಬಂದು ಸೋಪು ಹಾಕಿ, ನಿಂಬೆಹಣ್ಣು ಹಿಂಡಿ, ಕೈ ಸುಲಿಯುವ ತನಕ ಉಜ್ಜಿದಳು. ಅಕ್ಷರ ಜಗ್ಗಲಿಲ್ಲ. ಕಡೆಗೆ ಗಂಜಿ ಹಾಕಿ, ಬೆನ್ನು ಒಳಗಾಗುವಂತೆ ಮಡಿಚಿ, ಅದೇ ನೀಲಿ ಕಾಗದದಲ್ಲಿ ಸುತ್ತಿಟ್ಟಳು. ಅಂದಿನಿಂದ ಬೀದಿಯಲ್ಲಿ ಸಾವಿನ ಸುದ್ದಿ ತರುವ ತಂತಿಯವನ ಸೈಕಲ್ ಕಂಡರೆ ಸಾಕು, ಅದು ತಮ್ಮ ಮನೆ ದಾಟುವ ತನಕ ಅವಳು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ತಾನು ಅಂದದ್ದು ನಿಜವಾಗಿಬಿಟ್ಟರೆ? ಡೆನ್ನಿಯ ಹಾಡು ರೇಡಿಯೋದಲ್ಲಿ ಬಂದರೆ ಎದ್ದುಹೋಗಿ ಆರಿಸುತ್ತಿದ್ದಳು. ಹುಚ್ಚು ಬಿಟ್ಟಿತಲ್ಲ ಎಂದು ಅಮ್ಮ ಖುಷಿಪಟ್ಟಳು.

ಜೂನಿನಲ್ಲಿ ಕಾಜಿಕ್ ಬಂದ. ಎಡಗೈ ಮೇಲೇಳುತ್ತಿರಲಿಲ್ಲ, ಮಿಕ್ಕಂತೆ ಅವನೇ. ಸೈನ್ಯ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿತ್ತು; ಸಮವಸ್ತ್ರವನ್ನು ಇನ್ನು ಮೈಗೆ ಸೋಕಿಸುವುದಿಲ್ಲ ಎಂದ. ಆ ಬೇಸಿಗೆಯಲ್ಲಿ ಯುದ್ಧದ ಅಭಾವದಿಂದಾಗಿ ಯಾವ ಅಂಗಡಿಯಲ್ಲೂ ಗಂಡಸರ ಬಿಳಿ ಅಂಗಿ ಸಿಗುತ್ತಿರಲಿಲ್ಲ. ಅಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ತಗೋ ಮಗನೇ. ನೀನು ಬಂದೇ ಬರ್ತೀಯ ಅಂತ ನಂಗೆ ಗೊತ್ತಿತ್ತು."

ಕಾಜಿಕ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರೆಜಿನಾ ಹೊರಗೆ ಬಾಗಿಲ ಬಳಿಯೇ ನಿಂತಳು. ಬೇರೆ ದೇಶದಿಂದ ವಲಸೆ ಬಂದ ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು ನಿಜ. ಆದರೆ ಮಗನ ಹೆಸರು ಗೊತ್ತು, ಹೆಸರಿನ ಪಕ್ಕ ಶಿಲುಬೆ ಎಳೆದರೆ ಸತ್ತವನೆಂದರ್ಥ ಎಂದೂ ಗೊತ್ತು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕಾಜಿಕ್ ಅಂಗಿಯ ಮೇಲೆ ಉಣ್ಣೆ ಕೋಟು ತೊಟ್ಟು, ಗುಂಡಿಯೆಲ್ಲ ಹಾಕಿಕೊಂಡಿದ್ದ. ತಂಗಿಯತ್ತ ನೋಡಲಿಲ್ಲ.

ಮಧ್ಯಾಹ್ನ ಹಿತ್ತಲಿನಲ್ಲಿ ಊಟ. ಹುಳಿಕೋಸು, ಸಾಸೇಜು, ಆಲೂಗೆಡ್ಡೆ ತುಂಬಿದ ಕಡುಬು. ಅರ್ಧ ಬೀದಿಯೇ ಬಂದಿತ್ತು. ಬಿಸಿಲು ಕೆಂಡ. ಗಂಡಸರೆಲ್ಲ ಕೋಟು ಕಳಚಿ ಬೀಸಿಕೊಳ್ಳುತ್ತಿದ್ದರು.

"ಲೋ, ಕೋಟು ತೆಗೆಯೋ!" ಎಂದ ಸ್ಟಾಶೆಕ್ ಚಿಕ್ಕಪ್ಪ. "ಒಳಗೇನು ಪದಕ ಬಚ್ಚಿಟ್ಟಿದ್ದೀಯಾ?"

"ಆಸ್ಪತ್ರೇಲಿ ಮಲಗೀ ಮಲಗೀ ಚಳಿ ಅಂಟ್ಕೊಂಡಿದೆ ಚಿಕ್ಕಪ್ಪ" ಎಂದ ಕಾಜಿಕ್. ಬೆವರು ಗಲ್ಲದಿಂದ ತಟ್ಟೆಗೆ ತೊಟ್ಟಿಕ್ಕುತ್ತಿತ್ತು.

ಜನ ಚದುರಿದ ಮೇಲೆ ಅವಳು ಹಿಂಬದಿಯ ಮೆಟ್ಟಿಲಲ್ಲಿ ಅವನ ಪಕ್ಕ ಕೂತಳು.

"ಯಾರೇ ಈ ಡೆನ್ನಿ?"

"ಹಾಡ್ತಾನೆ."

"ಚೆನ್ನಾಗಿ ಹಾಡ್ತಾನಾ?"

ಅವಳು ಮೆಟ್ಟಿಲ ಮೇಲಿನ ಮಣ್ಣನ್ನು ಬೆರಳಿಂದ ಕೆದಕಿದಳು.

"ನಾನು ಸತ್ತೆ ಅಂದಾಗ ಅತ್ಯಾ?"

"ಅತ್ತೆ."

"ಸದ್ಯ, ಅಷ್ಟಾದರೂ ಅತ್ತಲ್ಲ." ನಗಲು ಹೋದ, ಆಗಲಿಲ್ಲ. "ಆಸ್ಪತ್ರೇಲಿ ನನ್ನ ಪಕ್ಕದ ಮಂಚದೋನು ನಿಜವಾಗ್ಲೂ ಸತ್ತ ಕಣೇ. ಅವನಿಗೂ ಒಬ್ಬಳು ತಂಗಿ ಇದ್ಲು."

ರೆಜಿನಾ ಬಿಕ್ಕಿದಳು. "ಅಮ್ಮಂಗೆ ಈಗಲೇ ಹೇಳಿಬಿಡ್ತೀನಿ ಅಣ್ಣ."

"ಸುಮ್ನೆ ಕೂತ್ಕೋ. ನಿನ್ನ ಮನಸ್ಸು ಹಗುರ ಆಗೋಕೆ ಅವಳ ಎದೆ ಒಡೀಬೇಕಾ? ನಂಗೊಂದು ಕೈ ಆಗಲ್ಲ. ಇದನ್ನ ಒಗೆಯೋದು, ಇಸ್ತ್ರಿ ಮಾಡೋದು ನೀನು. ಅವಳ ಕಣ್ಣಿಗೆ ಬೀಳಬಾರದು."

ಹಾಗೆಯೇ ಆಯಿತು. ಪ್ರತಿ ಶನಿವಾರ ಅವಳು ಬಾಗಿಲು ಹಾಕಿಕೊಂಡು ಅಂಗಿಯನ್ನು ಉಜ್ಜಿ ಉಜ್ಜಿ ಒಗೆದು, ಮಂಚದ ಕೆಳಗೆ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿ ಮಾಡುತ್ತಿದ್ದಳು. ಕಾದ ಇಸ್ತ್ರಿಪೆಟ್ಟಿಗೆ ಅಣ್ಣನ ಹೆಸರಿನ ಮೇಲೆ ಹೋಗಿಬರುತ್ತಿತ್ತು. ಬಟ್ಟೆ ಬಿಳುಪಾದಷ್ಟೂ ಅಕ್ಷರ ಎದ್ದು ಕಾಣುತ್ತಿತ್ತು.

ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಆ ಭಾನುವಾರ ಚರ್ಚಿನ ಅಂಗಳದಲ್ಲಿ ಎಲ್ಲರೂ ಎಲ್ಲರನ್ನೂ ತಬ್ಬುತ್ತಿದ್ದರು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದ ನೆರೆಮನೆಯ ವೊಜ್ನಿಯಾಕ್ ಅಮ್ಮ ಮಾತ್ರ ಕಪ್ಪು ಬಟ್ಟೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ರೆಜಿನಾಳ ಅಮ್ಮ ಮಗಳನ್ನು ಅವಳೆದುರಿಗೇ ಎಳೆದುಕೊಂಡು ಹೋದಳು.

"ನೋಡಿ ನನ್ನ ಮಗಳನ್ನ! ಅಣ್ಣನ ಅಂಗಿ ಮುಟ್ಟೋಕೆ ನನ್ನನ್ನೂ ಬಿಡಲ್ಲ. ಎಲ್ಲ ತಾನೇ ಮಾಡ್ತಾಳೆ."

ಆ ಹೆಂಗಸು ರೆಜಿನಾಳ ಸುಲಿದ ಕೈಗಳನ್ನು ಹಿಡಿದುಕೊಂಡಳು.

"ಬದುಕಿ ಬಂದೋನ ಅಂಗಿ. ಒಗೆಯೋಕೂ ಪುಣ್ಯ ಬೇಕು ಮಗಳೇ" ಎಂದು, ಬಗ್ಗಿ ಆ ಕೈಗಳಿಗೆ ಮುತ್ತಿಟ್ಟಳು.

ರೆಜಿನಾಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಕೈ ಎಳೆದುಕೊಳ್ಳಲೂ ಧೈರ್ಯ ಬರಲಿಲ್ಲ. ಅತ್ತ ಬಿಸಿಲಿನಲ್ಲಿ ನಿಂತಿದ್ದ ಕಾಜಿಕ್ ಇದನ್ನೆಲ್ಲ ನೋಡಿ, ಬಿಚ್ಚಿಹೋಗಿದ್ದ ಕೋಟಿನ ಗುಂಡಿಯನ್ನು ಒಂದೇ ಕೈಯಲ್ಲಿ ಮತ್ತೆ ಹಾಕಿಕೊಂಡ.