ಸ್ಕೇಲು ಎತ್ತಿದಾಗ

ಸ್ಕೇಲ್ ಮೇಡಂ ಕೈಯಲ್ಲಿ ಸ್ಕೇಲು ಇಲ್ಲದ್ದನ್ನು ಆ ಸಂಜೆ ಶಾಲೆಯಲ್ಲಿ ಕಂಡವರೇ ಇಲ್ಲ. ಹೊಡೆಯುವುದಕ್ಕೆ ಅಂತ ತಿಳಿಯಬೇಡಿ. ಹಗಲೆಲ್ಲ ದುಡಿದು ಸಂಜೆ ಇಂಗ್ಲಿಷ್ ಕಲಿಯಲು ಬರುವ ದೊಡ್ಡವರಿಗೆ ಯಾರು ಹೊಡೆದಾರು? ಅದೊಂದು ಮರದ ಸ್ಕೇಲು, ಅಂಚು ಸವೆದು ಅಂಕಿಗಳೆಲ್ಲ ಅಳಿಸಿಹೋದದ್ದು. ಮೇಡಂ ಮೊದಲ ಪದ ಹೇಳಿ ಅದನ್ನು ಮೇಲೆತ್ತಿದರೆ ಇಡೀ ತರಗತಿ ಉಳಿದ ವಾಕ್ಯವನ್ನು ಒಂದೇ ದನಿಯಲ್ಲಿ ಹೇಳಬೇಕು. ಇಳಿಸಿದರೆ ಬಾಯಿ ಮುಚ್ಚಬೇಕು. ವಾಕ್ಯದ ನಡುವೆ ಇಳಿಸಿದರೆ ಯಾರೋ ತಪ್ಪಿದ್ದಾರೆ ಅಂತ ಅರ್ಥ. ಎಲ್ಲರೂ ಮತ್ತೆ ಮೊದಲಿಂದ ಶುರುಮಾಡಬೇಕು. ಡ್ರೈವರು, ಬೇಕರಿಯವನು, ಪಾರ್ಸೆಲ್ ಹಂಚುವವನು, ಮನೆಗೆಲಸದ ಹೆಂಗಸರು ಎಲ್ಲರ ದನಿಯೂ ಸೇರಿ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು: "ಗುಡ್ ಮಾರ್ನಿಂಗ್ ಸರ್, ಪ್ಲೀಸ್ ಟೇಕ್ ಯುವರ್ ಸೀಟ್." ಸಂಜೆ ಏಳಕ್ಕೆ ಗುಡ್ ಮಾರ್ನಿಂಗ್ ಅನ್ನುವವರು ಲೋಕದಲ್ಲಿ ಇವರು ಮಾತ್ರ ಅಂತ ಎದುರಿನ ಸೈಕಲ್ ಅಂಗಡಿಯವನು ನಗುತ್ತಿದ್ದ. ಮೇಡಂ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೇಡಂ ಲೆಕ್ಕಾಚಾರ ಸರಳ. ಒಬ್ಬರನ್ನೇ ಮಾತಾಡಲು ಬಿಟ್ಟರೆ ತಪ್ಪು ಮಾಡುತ್ತಾರೆ. ತಪ್ಪು ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ. ಆದ್ದರಿಂದ ಒಬ್ಬರನ್ನೇ ಮಾತಾಡಲು ಬಿಡಲೇಬಾರದು.

"ತಪ್ಪು ಅನ್ನೋದು ಬಟ್ಟೆ ಮೇಲಿನ ಎಣ್ಣೆ ಕಲೆ ಇದ್ದ ಹಾಗೆ. ಒಂದ್ಸಲ ಬಿತ್ತು ಅಂದ್ರೆ ಮುಗೀತು" ಎಂದು ಅವರು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರು.

"ಎಣ್ಣೆ ಕಲೆ ಹೋಗುತ್ತೆ ಅಕ್ಕ. ನಾವು ದಿನಾ ತೆಗೀತೀವಲ್ಲ" ಎಂದು ಕೊನೆಯ ಬೆಂಚಿನಿಂದ ಒಂದು ದನಿ ಬಂತು ಒಮ್ಮೆ. ತರಗತಿ ಗೊಳ್ಳೆಂದು ನಕ್ಕಿತು. ಆ ದನಿ ಮೇಡಂ ಒಡಹುಟ್ಟಿದ ತಂಗಿಯದು. ನಕ್ಕು ಮುಗಿಸುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿಕೊಂಡಿತು, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡಿದಳು.

ಆ ಕೆಮ್ಮೇ ಈ ಕತೆಯ ಮೂಲ. ತಂಗಿ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದಳು. ನೆಲಮಾಳಿಗೆ, ಕಿಟಕಿಯಿಲ್ಲ, ಕುದಿಯುವ ನೀರಿನ ಹಬೆ, ಅದರ ಜೊತೆ ಕಣ್ಣುರಿಸುವ ಬ್ಲೀಚಿನ ಘಾಟು. ರೋಗಿಗಳ ಹಾಸಿಗೆ ಬಟ್ಟೆ ಒಗೆದೂ ಒಗೆದೂ ಇವಳೇ ರೋಗಿಯಾಗಿದ್ದಳು. ಶ್ವಾಸಕೋಶದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಆ ಹಬೆಯಿಂದ ಆಚೆ ಬಂದ್ರೆ ಉಳ್ಕೋತೀರಿ. ಅಲ್ಲೇ ಇದ್ರೆ ನಾನು ಬರೆಯೋ ಔಷಧಿಯೆಲ್ಲ ದಂಡ" ಎಂದುಬಿಟ್ಟಿದ್ದರು. ಕೆಲಸ ಬಿಟ್ಟು ಕೂರೋಣವೆಂದರೆ ಗಂಡ ಬಿಟ್ಟುಹೋದವಳು. ಮದುವೆಯಾಗದ ಅಕ್ಕನ ಸಂಜೆ ಶಾಲೆಯ ಸಂಬಳಕ್ಕೆ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಬೇರೆ ಕಡೆ ಹೋಗೋಣವೆಂದರೆ ಬಾಗಿಲಲ್ಲೇ ಕೆಮ್ಮುವವಳನ್ನು ಯಾರು ಸೇರಿಸಿಕೊಂಡಾರು? ಇದ್ದದ್ದೊಂದೇ ದಾರಿ. ಅದೇ ಆಸ್ಪತ್ರೆಯ ಮುಂಬಾಗಿಲಲ್ಲಿ, ಬಂದವರನ್ನು ವಿಚಾರಿಸಿ ದಾರಿ ತೋರಿಸುವ ರಿಸೆಪ್ಷನ್ ಕೆಲಸವೊಂದು ಖಾಲಿಯಿತ್ತು. ಒಳಗಿನವರಿಗೇ ಮೊದಲ ಅವಕಾಶ. ಆದರೆ ಹೊರದೇಶದ ರೋಗಿಗಳು ಬರುವ ಜಾಗ, ಇಂಗ್ಲಿಷ್ ಮಾತಾಡಬೇಕು. ಒಂದೇ ಸಂದರ್ಶನ, ಒಂದೇ ಸಲ.

"ನನ್ನ ತಂಗಿಗೆ ಇಂಗ್ಲಿಷ್ ಬರಲ್ಲ ಅಂದ್ರೆ ನಾನು ಈ ಸ್ಕೇಲು ಮುರಿದು ಒಲೆಗೆ ಹಾಕ್ತೀನಿ" ಎಂದರು ಮೇಡಂ.

ಆ ವರ್ಷವೇ ಪಕ್ಕದ ಕೋಣೆಗೆ ಒಬ್ಬ ಹೊಸ ಮೇಷ್ಟ್ರು ಬಂದಿದ್ದ. ಚೀಲದ ತುಂಬ ಚಿತ್ರಗಳು, ಆಟಿಕೆ ಫೋನು, ಖಾಲಿ ಡಬ್ಬಗಳು. ಒಬ್ಬನನ್ನು ಅಂಗಡಿಯವನನ್ನಾಗಿ, ಇನ್ನೊಬ್ಬಳನ್ನು ಗಿರಾಕಿಯನ್ನಾಗಿ ನಿಲ್ಲಿಸಿ, ಚೌಕಾಸಿ ಮಾಡಿ ನೋಡೋಣ ಎಂದು ತಾನು ಮೂಲೆಯಲ್ಲಿ ಕೂತುಬಿಡುತ್ತಿದ್ದ. ಅವರೋ, ಕಾಲು ಕೈ ಮುರಿದ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಮೇಷ್ಟ್ರು ತಿದ್ದುತ್ತಲೇ ಇರಲಿಲ್ಲ, ನಗುತ್ತಿದ್ದ. ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. "ಅದು ಪಾಠವಾ, ಸಂತೆಯಾ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು, ಬೇರೇನಲ್ಲ. ಅವರ ತರಗತಿಯಿಂದ ನಾಲ್ಕಾರು ಜನ ಆಗಲೇ ಆ ಕಡೆ ಜಾರಿದ್ದರು.

ಒಂದು ದಿನ ತಂಗಿಯೂ ಮೆಲ್ಲಗೆ ತೆಗೆದಳು. "ಅಕ್ಕ, ವಾರಕ್ಕೊಂದಿನ ಆ ಮೇಷ್ಟ್ರ ಹತ್ರ ಕೂತ್ಕೊಳ್ಲಾ? ಅಲ್ಲಿ ಒಬ್ಬೊಬ್ರೇ ಮಾತಾಡ್ತಾರೆ."

"ಒಬ್ಬೊಬ್ರೇ ಮಾತಾಡ್ತಾರೆ, ಒಬ್ಬೊಬ್ರೇ ಕೆಡ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಲ್ವಾ ನಿಂಗೆ?"

"ಹಂಗಲ್ಲ ಅಕ್ಕ..."

"ಹಂಗೂ ಇಲ್ಲ, ಹಿಂಗೂ ಇಲ್ಲ. ಸುಮ್ನಿರು."

ತಂಗಿ ಚಿಕ್ಕಂದಿನಿಂದ ಅಕ್ಕ ಹಾಕಿದ ಗೆರೆ ದಾಟಿದವಳಲ್ಲ. ತಾಯಿ ಸತ್ತ ಮೇಲೆ ಜಡೆ ಹಾಕಿದ್ದು, ಜ್ವರದಲ್ಲಿ ತೊಡೆ ಮೇಲೆ ಮಲಗಿಸಿಕೊಂಡದ್ದು, ಗಂಡ ಹೋದ ದಿನ ಗಾಡಿ ಮಾಡಿಕೊಂಡು ಬಂದು ಸಾಮಾನು ಸಮೇತ ಕರೆದುಕೊಂಡು ಹೋದದ್ದು ಎಲ್ಲ ಅಕ್ಕನೇ. ಅಂಥ ಅಕ್ಕನಿಗೆ ಎದುರಾಡುವುದು ಹೇಗೆ?

ಮೇಷ್ಟ್ರು ಮಾತ್ರ ಒಂದು ಸಂಜೆ ಮೆಟ್ಟಿಲ ಬಳಿ ಮೇಡಂಗೆ ಅಡ್ಡ ಬಂದ. "ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮ ತಂಗೀನ ಒಂದ್ಸಲ ಒಬ್ಬರನ್ನೇ ಮಾತಾಡಿಸಿ ನೋಡಿ. ಕ್ಲಾಸಲ್ಲಾದ್ರೆ ಗುಂಪಿನಲ್ಲಿ ಗೋವಿಂದ ಅಂದ್ಬಿಡಬಹುದು. ಸಂದರ್ಶನದಲ್ಲಿ ಗುಂಪು ಇರಲ್ಲವಲ್ಲ."

"ನೀವು ನಿಮ್ಮ ಡಬ್ಬ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಮೇಡಂ ದಡದಡ ಇಳಿದುಹೋದರು.

ಆದರೂ ಮಾತು ಚುಚ್ಚಿತ್ತು. ಅಂದಿನಿಂದ ಮನೆಯಲ್ಲಿ ತಂಗಿಯೊಬ್ಬಳನ್ನೇ ಕೂರಿಸಿಕೊಂಡು ಅಭ್ಯಾಸ ಮಾಡಿಸತೊಡಗಿದರು. ಸಂದರ್ಶನದಲ್ಲಿ ಏನೇನು ಕೇಳಬಹುದೋ ಎಲ್ಲಕ್ಕೂ ಉತ್ತರ ಕಟ್ಟಿಕೊಟ್ಟರು. ದಾರಿ ಕೇಳಿದರೆ ಹೀಗೆ, ಗಾಬರಿಯಲ್ಲಿ ಬಂದವರಿಗೆ ಹೀಗೆ, ಸಿಟ್ಟಾದವರಿಗೆ ಹೀಗೆ. ಮನೆಯಲ್ಲಿ ಸ್ಕೇಲು ಚೀಲದಲ್ಲೇ ಇರುತ್ತಿತ್ತು, ಅದರ ಬದಲು ಸೌಟಿತ್ತು, ಬಾಚಣಿಗೆಯಿತ್ತು. ಒಲೆ ಮುಂದೆ ನಿಂತು ಸೌಟು ಎತ್ತಿದರೆ ತಂಗಿ ನೀರು ಕುಡಿದಂತೆ ಉತ್ತರ ಒಪ್ಪಿಸುತ್ತಿದ್ದಳು. ಒಂದಕ್ಷರ ಆಚೀಚೆ ಇಲ್ಲ. ಅಬ್ಬಾ, ನಮ್ಮ ಪುಟ್ಟಿ! ಮೇಡಂ ಕಣ್ಣು ತುಂಬಿ ಬರುತ್ತಿತ್ತು. "ನೋಡಿದ್ಯಾ, ಒಬ್ಬಳೇ ಹೇಳ್ದೆ! ಎಲ್ಲಿ ಹೋದ ಆ ಡಬ್ಬದ ಮೇಷ್ಟ್ರು?" ಎಂದು ಅವಳ ತಲೆ ಸವರಿದರು. ತನ್ನ ಕೈಯಲ್ಲಿ ಸೌಟಿತ್ತು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಸಂದರ್ಶನದ ದಿನ ಮೇಡಂ ಜೊತೆಗೇ ಹೋದರು. ಮೂರು ಮಹಡಿ ಹತ್ತುವಷ್ಟರಲ್ಲಿ ತಂಗಿಗೆ ಏದುಸಿರು ಬಂದಿತ್ತು. ಬೆಂಚಿನ ಮೇಲೆ ಕೂರಿಸಿ, ಬೆನ್ನು ನೀವಿ, ನೀರು ಕುಡಿಸಿ, ಕೂದಲು ಸರಿಮಾಡಿ ಒಳಗೆ ಕಳಿಸಿದರು. ಬಾಗಿಲಿಗೆ ಮುಖದ ಎತ್ತರಕ್ಕೆ ಒಂದು ಗಾಜಿನ ಚೌಕವಿತ್ತು. ಮೇಡಂ ಅದಕ್ಕೆ ಮೂಗು ಒತ್ತಿ ನಿಂತರು. ಮೇಜಿನ ಆ ಕಡೆ ನರೆಗೂದಲ ಅಧಿಕಾರಿ, ಅವರ ಪಕ್ಕ ಕನ್ನಡಕದ ಹೆಂಗಸು. ಈ ಕಡೆ ತಂಗಿ, ಬಾಗಿಲಿಗೆ ಬೆನ್ನು ಹಾಕಿ. ಬಾಗಿಲು ತೆಳು, ಮಾತೆಲ್ಲ ಕೇಳುತ್ತಿತ್ತು.

ಅಧಿಕಾರಿ ಒಳ್ಳೆಯವರು, ಮುಖದಲ್ಲೇ ಗೊತ್ತಾಗುತ್ತಿತ್ತು. ಕೈಯಲ್ಲಿದ್ದ ಪೆನ್ನನ್ನು ಎತ್ತಿ, ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಂಗಿ ಶುರುಮಾಡಿದಳು ನೋಡಿ! ಹೆಸರು, ಊರು, ಎಷ್ಟು ವರ್ಷದ ಅನುಭವ, ಈ ಆಸ್ಪತ್ರೆಯೆಂದರೆ ತನಗೆಷ್ಟು ಪ್ರೀತಿ, ಎಲ್ಲ ನೇರವಾಗಿ, ಸ್ಪಷ್ಟವಾಗಿ. ಗಾಜಿನಾಚೆ ಮೇಡಂ ತುಟಿಯೂ ಅವಳ ಜೊತೆಗೇ ಆಡುತ್ತಿತ್ತು. ಕನ್ನಡಕದ ಹೆಂಗಸು ಹುಬ್ಬೇರಿಸಿದಳು. ಅಧಿಕಾರಿಗೆ ಖುಷಿಯಾಯಿತು. ಆರಾಮಾಗಿ ಕೇಳೋಣವೆಂದು ಹಿಂದಕ್ಕೊರಗಿ ಪೆನ್ನು ಕೆಳಗಿಟ್ಟರು.

ತಂಗಿ ಅರ್ಧ ವಾಕ್ಯದಲ್ಲಿ ನಿಂತುಬಿಟ್ಟಳು.

ಕೆಮ್ಮು ಬಂತೇನೋ ಎಂದುಕೊಂಡರು ಮೇಡಂ. ಕೆಮ್ಮಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆ ಮೇಲಿಟ್ಟು ಸುಮ್ಮನೆ ಕೂತಿದ್ದಳು. ಅಧಿಕಾರಿ ಏನೋ ಬರೆದುಕೊಳ್ಳಲು ಪೆನ್ನು ಎತ್ತಿದರು. ತಕ್ಷಣ ತಂಗಿ, "ಗುಡ್ ಮಾರ್ನಿಂಗ್ ಸರ್" ಎಂದು ಮತ್ತೆ ಮೊದಲಿಂದ ಹಿಡಿದಳು. ಪೆನ್ನು ಇಳಿಯಿತು. ನಿಂತಳು. ಒಳಗಿನ ಇಬ್ಬರೂ ಮುಖ ಮುಖ ನೋಡಿಕೊಂಡರು. ಮೇಡಂಗೆ ಈಗ ಅರ್ಥವಾಯಿತು. ಬಾಗಿಲ ಹಿಡಿ ಹಿಡಿದುಕೊಂಡರು.

"ಗಾಬರಿ ಆಗ್ಬೇಡಮ್ಮ. ನಿಧಾನಕ್ಕೆ ಹೇಳು. ನಾವೇನೂ ಬರ್ಕೊಳ್ಳಲ್ಲ, ಬರೀ ಕೇಳ್ತೀವಿ" ಎಂದರು ಅಧಿಕಾರಿ. ಪಾಪ, ಧೈರ್ಯ ತುಂಬಲೆಂದೇ ಪೆನ್ನನ್ನು ಮುಚ್ಚಿ ಜೇಬಿಗೆ ಸೇರಿಸಿದರು. ಆಮೇಲೆ ಅವಳ ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

ಕನ್ನಡಕದ ಹೆಂಗಸು ಬೇರೆ ದಾರಿ ಹಿಡಿದಳು. ನಾನೊಬ್ಬಳು ತಾಯಿ ಅಂದುಕೋ, ಮಗುವಿಗೆ ವಿಪರೀತ ಜ್ವರ, ಎಲ್ಲಿ ಹೋಗಬೇಕು ಗೊತ್ತಾಗುತ್ತಿಲ್ಲ, ಏನು ಹೇಳುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಥೇಟ್ ಆ ಡಬ್ಬದ ಮೇಷ್ಟ್ರು ಆಡಿಸುವಂಥ ಆಟ. ಉತ್ತರ ತಂಗಿಗೆ ಗೊತ್ತಿತ್ತು. ಮೊನ್ನೆಯಷ್ಟೇ ಒಲೆ ಮುಂದೆ ಹೇಳಿದ್ದಳು. ಮೇಡಂ ಚೀಲಕ್ಕೆ ಕೈ ಹಾಕಿ ಸ್ಕೇಲು ಎಳೆದು, ಗಾಜಿನ ಮುಂದೆ ಮೇಲೆತ್ತಿ ಹಿಡಿದರು. "ತಿರುಗು ಪುಟ್ಟಿ. ಒಂದ್ಸಲ ತಿರುಗೇ. ಇಲ್ಲಿದ್ದೀನಿ ನೋಡೇ..." ಎಂದು ಪಿಸುಗುಟ್ಟಿದರು. ತಂಗಿ ತಿರುಗಲಿಲ್ಲ. ಅವಳು ಖಾಲಿ ಮೇಜನ್ನೇ ನೋಡುತ್ತಿದ್ದಳು.

"ಏನಮ್ಮಾ ಇದು, ಸೊಳ್ಳೆ ಹೊಡೀತಿದ್ದೀರಾ?" ಎಂದ ಬಾಗಿಲು ಕಾಯುವವನು. ಮೇಡಂ ಸ್ಕೇಲು ಇಳಿಸಿದರು.

ಸ್ವಲ್ಪ ಹೊತ್ತಿಗೆ ಕನ್ನಡಕದ ಹೆಂಗಸೇ ತಂಗಿಯ ಭುಜ ಹಿಡಿದು ಹೊರಗೆ ಕರೆತಂದಳು. "ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ. ಸೋಮವಾರ ಎಂದಿನ ಹಾಗೆ ಲಾಂಡ್ರಿಗೆ ಬನ್ನಿ" ಎಂದು ಅವಳಿಗೆ ಹೇಳಿ, ಮೇಡಂ ಕಡೆ ತಿರುಗಿ ದನಿ ತಗ್ಗಿಸಿದಳು. "ಬುದ್ಧಿವಂತೆ ಕಣ್ರೀ. ಯಾರೋ ಗಿಳಿಪಾಠ ಮಾಡಿಸಿ ಕೆಡಿಸಿಬಿಟ್ಟಿದ್ದಾರೆ. ಯಾರು ಕಲಿಸಿದ್ದು ಇವರಿಗೆ?"

ಮೇಡಂ ಸ್ಕೇಲನ್ನು ಚೀಲದೊಳಕ್ಕೆ ತುರುಕಿದರು.

ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ತಂಗಿಯನ್ನು ಕೂರಿಸಿ ಮೇಡಂ ಪಕ್ಕದಲ್ಲಿ ನಿಂತರು. ಅಳುತ್ತಾಳೇನೋ ಎಂದು ನೋಡಿದರೆ ಅಳಲಿಲ್ಲ. ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಮುಖ ಮೇಲೆತ್ತಿ ಕೇಳಿದಳು.

"ನಂಗೆಲ್ಲಾ ಗೊತ್ತಿತ್ತು ಅಕ್ಕ. ಅವ್ರು ಪೆನ್ನು ಇಟ್ಬಿಟ್ರು. ನಾನೇನೋ ತಪ್ಪು ಹೇಳ್ದೆ ಅನ್ಕೊಂಡೆ. ಏನು ತಪ್ಪಾಯ್ತು ಅಕ್ಕ?"

"ನೀನೇನೂ ತಪ್ಪು ಮಾಡ್ಲಿಲ್ಲ."

"ಮತ್ತೆ?"

ಆ ಮೇಷ್ಟ್ರ ಹತ್ತಿರ ಕೂರುತ್ತೇನೆ ಅಂದವಳನ್ನು ಸುಮ್ಮನಿರು ಎಂದದ್ದು ಯಾರು? ಒಂದೇ ಒಂದು ಸಲ, ಬರಿಗೈಯಲ್ಲಿ ಎದುರು ಕೂತು, ಹೇಗಿದ್ದೀಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರೆ ಸಾಕಿತ್ತಲ್ಲ! ಕೇಳಲಿಲ್ಲ. ತಪ್ಪಾಗಬಾರದು, ತಪ್ಪಾಗಬಾರದು ಎಂದು ಜಪಿಸುತ್ತ ತಂಗಿಯನ್ನು ಮತ್ತೆ ಆ ಹಬೆಗೇ ತಳ್ಳಿದ್ದಾಯಿತು. ಎದೆ ಒಡೆದು ಅಳಬೇಕೆನಿಸಿತು ಮೇಡಂಗೆ. ತಂಗಿಯ ಮುಂದೆ ಎಂದೂ ಅತ್ತವರಲ್ಲ, ಈಗಲೂ ನುಂಗಿಕೊಂಡರು.

ಅಷ್ಟರಲ್ಲಿ ಬಸ್ಸು ಗಕ್ಕನೆ ತಿರುಗಿತು. ಬೀಳುವಂತಾಗಿ ಮೇಡಂ ಕೈ ಎತ್ತಿ ತಲೆ ಮೇಲಿನ ಕಂಬಿ ಹಿಡಿದುಕೊಂಡರು.

ತಂಗಿಯ ಕಣ್ಣು ಆ ಎತ್ತಿದ ಕೈಗೆ ಹೋಯಿತು. ಬೆನ್ನು ನೆಟ್ಟಗಾಯಿತು.

"ಪ್ಲೀಸ್ ಡೋಂಟ್ ವರಿ, ಮೇಡಂ. ಕಮ್ ವಿತ್ ಮಿ. ದ ಚಿಲ್ಡ್ರನ್ಸ್ ವಾರ್ಡ್ ಈಸ್ ಆನ್ ದ ಸೆಕೆಂಡ್ ಫ್ಲೋರ್. ಐ ವಿಲ್ ಕಾಲ್ ದ ಡಾಕ್ಟರ್ ನೌ."

ಗಟ್ಟಿಯಾಗಿ, ಒಂದಕ್ಷರ ತಪ್ಪಿಲ್ಲದೆ ಹೇಳಿದಳು. ಮುಂದಿನ ಸೀಟಿನ ಮುದುಕರು ತಿರುಗಿ ನೋಡಿ, "ಎಷ್ಟು ಚೆನ್ನಾಗಿ ಮಾತಾಡ್ತಾಳಪ್ಪ ಈ ಹೆಣ್ಮಗಳು! ದೊಡ್ಡ ಕೆಲಸದಲ್ಲಿರಬೇಕು" ಎಂದರು ಪಕ್ಕದವರಿಗೆ. ತಂಗಿ ಅತ್ತ ನೋಡಲಿಲ್ಲ. ಸಿಟ್ಟಾದವರಿಗೆ ಹೇಳುವ ಉತ್ತರಕ್ಕೆ ಬಂದಿದ್ದಳು. ಅದಾದ ಮೇಲೆ ದಾರಿ ಹೇಳುವುದು. ಅದಾದ ಮೇಲೆ ಹೆಸರು, ಊರು, ಅನುಭವ. ಒಲೆ ಮುಂದೆ ಕಲಿತದ್ದೆಲ್ಲ ಸಾಲಾಗಿ ಬರುತ್ತಿತ್ತು.

ಕಂಡಕ್ಟರ್ ಇವರಿಳಿಯುವ ಸ್ಟಾಪಿನ ಹೆಸರು ಕೂಗಿದ. ಇಳಿಯಬೇಕಾದರೆ ಕಂಬಿ ಬಿಡಬೇಕು, ಕೈ ಕೆಳಗಿಳಿಸಬೇಕು. ಬಾಗಿಲು ತೆರೆಯಿತು, ಮುಚ್ಚಿತು, ಬಸ್ಸು ಹೊರಟಿತು. ಮೇಡಂ ಕೈ ಇಳಿಸಲಿಲ್ಲ. ತೋಳು ಸೇದತೊಡಗಿದರೂ ಹಾಗೆಯೇ ನಿಂತಿದ್ದರು. ತಂಗಿ ಹೇಳುತ್ತಲೇ ಹೋದಳು, ಕೆಮ್ಮು ಬಂದು ತಾನಾಗಿ ನಿಲ್ಲಿಸುವವರೆಗೆ.