ಚೌಕಾ ಗಾಡಿಯ ಸಂದು

ಉಗಾರ ಬುದ್ರುಕದ ದಶರಥನ ಬಾಡಿ ರಿಪೇರಿ ಅಂಗಡಿಗೆ ಆ ಮಧ್ಯಾಹ್ನ ಬಂದದ್ದು ಒಂದು ಮುದಿ ಮೆಟಡೋರ್. ಹೊರಗಿನಿಂದ ನೋಡಿದರೆ ಗಾಡಿ, ಒಳಗೆ ಪೂರಾ ಮನೆ. ಮಡಚುವ ಮಂಚ, ಒಲೆ, ಕಾಳಿನ ಡಬ್ಬಿಗಳು, ಹಿಂದುಗಡೆ ನೀರಿನ ಎರಡು ಸ್ಟೀಲ್ ಪೀಪಾಯಿ. ಸದಲಗಾದ ಜಿನ್ನಪ್ಪ ನಲವತ್ತು ವರ್ಷದ ಹಿಂದೆ ಕಟ್ಟಿಸಿದ್ದು. ಜೈನ ಮುನಿಗಳು ಊರಿಂದೂರಿಗೆ ನಡೆದು ಹೋಗುವಾಗ ಈ ಗಾಡಿ ಹಿಂದಿನಿಂದ ಹೋಗುತ್ತದೆ. ಅವರ ಆಹಾರ ಇದರೊಳಗೇ ತಯಾರಾಗಬೇಕು. ಜಿನ್ನಪ್ಪ ತೀರಿಕೊಂಡ ಮೇಲೆ ಅವನ ಹೆಂಡತಿ ಶೇವಂತಕ್ಕನೇ ಚೌಕಾ, ಅಂದರೆ ಆ ಮಡಿಯ ಅಡಿಗೆಮನೆ, ನಡೆಸುತ್ತಿದ್ದಳು.

ಮೂರು ದಿನದ ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಗಾಡಿಯ ಪಕ್ಕಕ್ಕೆ ಉಜ್ಜಿಕೊಂಡು ಹೋಗಿತ್ತು. ಬಾಗಿಲ ಪಕ್ಕದ ಕಂಬ ಒಳಕ್ಕೆ ಬಾಗಿತ್ತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಲಗಮಪ್ಪ. ತಪ್ಪು ಒಪ್ಪಿಕೊಂಡು ಗಾಡಿಯನ್ನು ತಾನೇ ಇಲ್ಲಿಗೆ ತಂದಿದ್ದ.

ದಶರಥ ಬಾಗಿಲ ಸಂದಿಗೆ ಬೆರಳು ತೂರಿಸಿದ. "ಏ ಅಕ್ಕಾ, ಇದರಾಗ ಹುಳಾ ಅಷ್ಟ ಅಲ್ಲ, ಅದರ ಬೀಗರೂ ಬಂದು ಹೋಗ್ತಾರ."

ಶೇವಂತಕ್ಕ ನಗಲಿಲ್ಲ. ಬಿಳಿ ಅರಿವೆಯಿಂದ ಬಾಗಿಲ ಒಳಅಂಚನ್ನು ಒರೆಸಿ ತೋರಿಸಿದಳು. ಕರೀ ಗೆರೆ.

"ಹೊಲದಾಗ ಕಬ್ಬಿನ ಒಣಾ ಎಲಿ, ರವದಿ, ಸುಡಾಕತ್ತಾರ, ಅದರ ಬೂದಿ. ಬೂದಿ ಬರೂ ಹಾದ್ಯಾಗ ಇರಿವಿ ಬರೂದಿಲ್ಲೇನೊ ತಮ್ಮಾ? ನಿನ್ನಿ ಹಾಲಿನ್ಯಾಗ ಇರಿವಿ. ಇವತ್ತ ಹೆಸರಬ್ಯಾಳಿ ಕಟ್ಟಿನ್ಯಾಗ ರೆಕ್ಕಿ ಹುಳಾ. ಎರಡೂ ದಿನ ಅಂತರಾಯ ಆತು."

ದಶರಥ ಜೈನನಲ್ಲ. ಆದರೂ ಈ ಕಡೆ ಹುಟ್ಟಿದವನಿಗೆ ಅಂತರಾಯ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನೀರೂ ಆಗಲೇ. ಅದರಲ್ಲಿ ಸತ್ತ ಹುಳ ಕಂಡರೆ ಬೊಗಸೆ ಬಿಟ್ಟು ಆಹಾರ ನಿಲ್ಲಿಸಿಬಿಡುತ್ತಾರೆ. ಆಮೇಲೆ ಮರುದಿನದವರೆಗೆ ಹನಿ ನೀರೂ ಇಲ್ಲ.

"ಮುನಿ ಮಹಾರಾಜರಿಗೆ ವಯಸ್ಸೆಷ್ಟ್ರಿ?"

"ಎಂಬತ್ತೊಂದು. ಹೊಲದ ನಡುವಿನ ಕನ್ನಡ ಸಾಲ್ಯಾಗ ಅದಾರ. ಮುಂದಿನ ಊರಿಗೆ ನಡಿಯೂ ಶಕ್ತಿ ಇಲ್ಲ. ಅಲ್ಲೆ ಸುತ್ತ ನಮ್ಮವರ ಮನಿ ಒಂದೂ ಇಲ್ಲ, ಇದೊಂದ ಒಲಿ. ನಾಳೆ ಹತ್ತಕ್ಕ ಆಹಾರ. ನಾಳೆನೂ ಹಂಗಾದ್ರ..."

ಕೆಲಸ ಶುರುವಾಗುವ ಮೊದಲು ಡಬ್ಬಿ, ಭಾಂಡೆ, ಖಾಲಿ ಪೀಪಾಯಿ ಎಲ್ಲವನ್ನೂ ಶೇವಂತಕ್ಕ ತಾನೇ ಇಳಿಸಿ ಹುಣಸೆಮರದ ಕೆಳಗೆ ಇಟ್ಟುಕೊಂಡಳು. ಚೌಕಾದ ಸಾಮಾನನ್ನು ಬೇರೆಯವರು ಮುಟ್ಟುವಂತಿಲ್ಲ. ದಶರಥ ಕಂಬಕ್ಕೆ ಸರಪಳಿ ಕಟ್ಟಿ ಎಳೆದ, ತಗಡಿನ ಪತ್ರಾ ಬಡಿದ, ಬಿಜಾಗರಿಯ ಹಿಂದೆ ವಾಶರ್ ಕೊಟ್ಟ, ಹೊಸ ರಬ್ಬರ್ ಅಂಟಿಸಿದ. ಹಳೇ ಗರಗಸದ ಬ್ಲೇಡನ್ನು ಸಂದಿನುದ್ದಕ್ಕೂ ಓಡಿಸಿ ನೋಡಿದ. ನಾಲ್ಕು ಗಂಟೆಗೆ ನಾಲ್ಕೂ ಬದಿ ಒಂದೇ ಸಮ. ಧಪ್ ಎಂದು ಬಾಗಿಲು ಕೂತಿತು.

"ತಿಜೋರಿ ಮುಚ್ಚಿಧಂಗಾತ ನೋಡ್!" ಎಂದ ಲಗಮಪ್ಪ. ಅವನ ಮುಖಕ್ಕೆ ಆಗಷ್ಟೇ ಕಳೆ ಬಂದಿತ್ತು.

ಶೇವಂತಕ್ಕ ಡಬ್ಬಿಗಳನ್ನು ಒಳಗಿಟ್ಟಳು. ಜೋಳ, ಗೋಧಿ, ಬೇಳೆ, ಬೀಸುವ ಕಲ್ಲು. ಮತ್ತೆ ಬಾಗಿಲು ಮುಚ್ಚಿದಾಗ ಧಪ್ ಎನ್ನಲಿಲ್ಲ, ಕಿರ್ ಎಂದಿತು. ಮೇಲಿನ ಮೂಲೆಯಲ್ಲಿ ಬೆಳಕಿನ ಒಂದು ಎಳೆ.

ದಶರಥ ಆ ಮೂಲೆಗೆ ಬ್ಲೇಡು ತೂರಿಸಿದ. ಅದು ಸರಾಗವಾಗಿ ಒಳಗೆ ಹೋಯಿತು.

"ಹೊಟ್ಟಿ ತುಂಬಿದ ಮ್ಯಾಲೆ ಚೊಣ್ಣದ ಅಳತಿ ತಗೋಬೇಕಿತ್ತು. ನಾ ಖಾಲಿ ಹೊಟ್ಟಿಗೆ ಹೊಲದ್ನೆಲ್ಲ! ಇದು ಮುದಿ ಗಾಡಿ ಅಕ್ಕಾ, ಭಾರ ಬಿದ್ರ ಹಿಂದ ತಗ್ಗತೈತಿ, ಕಂಬಾ ಸರೀತೈತಿ. ಪೀಪಾಯಿ ತುಂಬ್ರಿ ಈಗ, ತುಂಬಿಸೇ ಬಾಗಲಾ ಕೂಡಸ್ತೀನಿ."

"ಈಗ ಹೆಂಗ ತುಂಬಲಿ? ನಾಳೆ ಮುಂಜಾನೆ ಅಲ್ಲಿಯ ಬಾವ್ಯಾಗಿಂದ ಸೇದಿ, ಸೋಸಿ ತುಂಬಬೇಕು. ಸೋಸದ ನೀರ ಅದಕ್ಕ ಮುಟ್ಟಂಗಿಲ್ಲ."

"ನಾಳೆ ತುಂಬಿದ ಮ್ಯಾಲೆ ಬಂದು ಬಡೀಲ್ಯಾ?"

"ಒಲಿ ಮುಂದ ಸುತ್ತಗಿ ಬಡೀತೀಯೇನೊ? ತುಕ್ಕಿನ ಪುಡಿ ಎಲ್ಲಿ ಬೀಳ್ತೈತಿ?"

"ಉಸುಕಿನ ಚೀಲಾ?" ಎಂದ ಲಗಮಪ್ಪ.

"ನೀ ಸುಮ್ನಿರಪಾ. ಬೂದಿ ಸಾಲಲಿಲ್ಲಂತ ಉಸುಕ ಬ್ಯಾರೆ!"

ಹೊತ್ತು ಇಳಿಯುತ್ತಿತ್ತು. ದಶರಥ ಗಾಡಿಯನ್ನೂ ಲಗಮಪ್ಪನ ಹೊಟ್ಟೆಯನ್ನೂ ನೋಡಿದ. "ಎರಡೂ ಪೀಪಾಯಿ ಕೂಡಿ ಮುನ್ನೂರ ಕೇಜಿ. ಐದು ಮಂದಿ ಆದ್ರ ಆತು. ಅಕ್ಕಾ, ಮಂದೀನ ಕೂಡಸೂಣೇನ್ರಿ?"

ಶೇವಂತಕ್ಕ ಗಾಡಿಯ ಒಳಗೆ ನೋಡಿದಳು. ಜಿನ್ನಪ್ಪ ಇದ್ದಾಗಲೂ ಹೊರಗಿನವರು ಆ ಹೊಸ್ತಿಲು ದಾಟಿರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕಾಲು ತೊಳಕೊಂಡ ಹತ್ರಿ," ಎಂದಳು. "ನಾಳೆ ನಸುಕಿನ್ಯಾಗ ಗಾಡಿ ತೊಳೀತೀನಿ ನಾ."

ಲಗಮಪ್ಪ ತನ್ನ ಕಬ್ಬು ಕಡಿಯುವ ಗ್ಯಾಂಗಿನಿಂದ ನಾಲ್ವರನ್ನು ಕರೆತಂದ. ಐವರೂ ಪೀಪಾಯಿಗಳ ಜಾಗದಲ್ಲಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. "ಯಾರೂ ಅಳ್ಳಾಡಬ್ಯಾಡ್ರಿ, ನೀವೀಗ ನೀರು," ಎಂದ ದಶರಥ. "ನೀರಿಗೆ ತಂಬಾಕ ತಿನ್ನಾಕ ಬರ್ತೈತೇನ್ಲೇ?" ಎಂದನೊಬ್ಬ. "ಉಗುಳಿದ್ರ ಕೊಂದ ಹಾಕ್ತೀನಿ," ಎಂದಳು ಶೇವಂತಕ್ಕ. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ದಶರಥ ಬಿಜಾಗರಿ ಸಡಿಲಿಸಿದ, ಒಂದು ವಾಶರ್ ತೆಗೆದ, ಬಿಗಿದ, ಬ್ಲೇಡು ಓಡಿಸಿದ, ಮತ್ತೆ ಸಡಿಲಿಸಿದ. ಬೆಳಕಿನ ಎಳೆ ಹೋದಾಗ ಸೂರ್ಯ ಮುಳುಗಲು ಸ್ವಲ್ಪವೇ ಉಳಿದಿತ್ತು. ಆದರೆ ಮಂದಿ ಬೇರೆ, ನೀರು ಬೇರೆ.

ಮರುದಿನ ಒಂಬತ್ತೂವರೆಗೆ ದಶರಥ ಮುನಿಗಳಿದ್ದ ಶಾಲೆಯ ಅಂಗಳದಲ್ಲಿದ್ದ. ಪೀಪಾಯಿ ತುಂಬಿದ್ದವು, ಬಾಗಿಲು ಮುಚ್ಚಿತ್ತು. ಆಚೆ ಹೊಲದಲ್ಲಿ ಮತ್ತೆ ರವದಿಗೆ ಬೆಂಕಿ ಬಿದ್ದಿತ್ತು. ಗಾಳಿ ಈ ಕಡೆಗೇ.

"ಜಳಕಾ ಮಾಡಿ ಬಂದೀಯಿಲ್ಲೊ?" ಎಂದಳು ಶೇವಂತಕ್ಕ.

"ಮಾಡೇನ್ರಿ."

"ಹಂಗಾದ್ರ ಬಾಗಲಾ ನೀ ಹಿಡಿ. ನಾ ಭಾಂಡೆ ತರೂವಾಗಷ್ಟ ತಗಿ, ಗಪ್ಪನ ಹಾಕು."

ಆಹಾರ ನಡೆದದ್ದು ಅವನ ಬೆನ್ನ ಹಿಂದೆ, ಶಾಲೆಯ ಕೋಣೆಯಲ್ಲಿ. ತಿರುಗಿ ನೋಡುವಂತಿರಲಿಲ್ಲ. ಹಾಲು ಹೋಯಿತು. ತೆಗೆ, ಹಾಕು. ಅನ್ನ ಹೋಯಿತು. ಬೂದಿಯ ಒಂದು ತುಣುಕು ಬಂದು ರಬ್ಬರಿನ ಮೇಲೆ ಕೂತಿತು. ದಶರಥ ಊದದೆ, ಒದ್ದೆ ಬೆರಳಿನಿಂದ ಅದನ್ನು ಎತ್ತಿದ. ಬೇಳೆಯ ಕಟ್ಟು ಹೋಯಿತು.

ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು.

ನಿನ್ನೆ ಅಂತರಾಯವಾದದ್ದೂ ಇದೇ ಕಟ್ಟಿಗೆ. ಅವನು ಹೆಬ್ಬೆರಳಿನಿಂದ ಮೇಲಿನ ಮೂಲೆಯ ರಬ್ಬರನ್ನು ಒತ್ತಿ ನೋಡಿದ. ಒಳಗೆ ಯಾರೋ ಕೆಮ್ಮಿದರು.

"ನೀರು," ಎಂದಳು ಶೇವಂತಕ್ಕ, ಖಾಲಿ ತಂಬಿಗೆ ಹಿಡಿದು ಓಡಿಬಂದು. "ತಗಿ ಲಗೂನ, ಬೊಗಸಿ ಇನ್ನೂ ಕಟ್ಟ್ಯಾರ, ನೀರ ಬೇಕು!"

ಅವಳು ಮೂರು ಸಲ ಬಂದಳು. ನಾಲ್ಕನೆಯ ಸಲ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಳು.

"ಆತಪಾ, ಅಂತರಾಯ ಇಲ್ದ ಮುಗೀತು. ಬಿಡು ಬಾಗಲಾ."

"ಬಿಡ್ತೀನ್ರಿ," ಎಂದ ದಶರಥ. ಆದರೂ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದ.